ಮಗ್ಗುಲು

ಎರಡು ಗಂಟೆಗೊಮ್ಮೆ ಅಲಾರಂ.
ಹತ್ತಕ್ಕೆ ಎಡ, ಹನ್ನೆರಡಕ್ಕೆ ಅಂಗಾತ, ಎರಡಕ್ಕೆ ಬಲ.
ಫ್ರಿಜ್ಜಿಗೆ ಅಂಟಿಸಿದ ಪಟ್ಟಿಯಲ್ಲಿ
ನನ್ನ ರುಜು, ರುಜುವಿನ ಕೆಳಗೆ ರುಜು,
ಬ್ಯಾಂಕಿನ ಕೆಲಸದಲ್ಲೂ ಇಷ್ಟು ಹಾಕಿರಲಿಲ್ಲ ನಾನು.

ಕೋಬರ್ಗಿನ ಈ ಮನೆಗೆ ಬಂದ ಹೊಸದರಲ್ಲಿ
ಇವರು ಮಲಗಿದರೆ ಮಂಚಕ್ಕೆ ಸಮಾಧಾನವಿಲ್ಲ,
ರಾತ್ರಿಯಿಡೀ ಹೊರಳಾಟ, ಹೊದಿಕೆಯೆಲ್ಲ ಇವರದೇ.
ಒಂದು ಕಡೆ ಬಿದ್ದಿರಿ ಮಾರಾಯರೇ, ಎಂದಿದ್ದೆ.
ಎಷ್ಟು ಸಲ ಎಂದಿದ್ದೆ.

ಈಗ ಬಿದ್ದಿದ್ದಾರೆ.

ಕೆಂಪಾದರೆ ತಿಳಿಸಿ, ಎಂದಿತ್ತು ಆಸ್ಪತ್ರೆಯ ಚೀಟಿ.
ನಮ್ಮ ಎಣ್ಣೆಗಪ್ಪು ಚರ್ಮದಲ್ಲಿ ಕೆಂಪು ಎಲ್ಲಿಂದ ಕಂಡೀತು?
ಬಾಲದೆಲುಬಿನ ಮೇಲೆ ನೇರಳೆಹಣ್ಣಿನ ಕಲೆಯಂಥದ್ದು ಕಂಡು
ಬೆರಳಿಟ್ಟೆ. ಬಿಸಿ ಇತ್ತು, ಮೆತ್ತಗಿತ್ತು,
ಒಳಗಿನಿಂದ ಮಾಗಿತ್ತು.
ವಾರಕ್ಕೆರಡು ಸಲ ದೆಸ್ಪಿನಾ ಬಂದು
ಗಾಯಕ್ಕೆ ಕಾಗದದ ಅಳತೆಪಟ್ಟಿ ಹಿಡಿಯುತ್ತಾಳೆ.
ಮೂರೂವರೆ ಸೆಂಟಿಮೀಟರು. ಆಳ ಒಂದು.
ನನ್ನ ಮುಖ ನೋಡಿ, ನಿಮ್ಮ ತಪ್ಪಲ್ಲ, ಅನ್ನುತ್ತಾಳೆ.
ಯಾರೂ ಕೇಳಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದರು ನಮ್ಮತ್ತೆ,
ಸಾಲದ ಮಾತು ಬಂದಾಗಲೆಲ್ಲ.
ಹಾಸಿಗೆ ಬೇಕಾದಷ್ಟಿದೆ ಅತ್ತೆ, ಗಾಳಿ ತುಂಬಿದ್ದು, ಬಾಡಿಗೆಯದು,
ಬೆಳಗಿನ ತನಕ ಬುಸುಬುಸು ಉಸಿರಾಡುತ್ತದೆ.
ಕಾಲೇ ಚಾಚುತ್ತಿಲ್ಲ.
ಬಲ ಮೊಣಕಾಲು ಮಡಿಸಿದ್ದು ಮಡಿಸಿದಂತೆಯೇ,
ಬಲಗೈ ಮುಷ್ಟಿ ಕಟ್ಟಿದೆ.
ಬೆಚ್ಚನೆ ನೀರಲ್ಲಿ ಅದ್ದಿ, ಕಿರುಬೆರಳಿಂದ ಶುರು ಮಾಡಿ
ಒಂದೊಂದೇ ಬಿಡಿಸುತ್ತೇನೆ.
ಒಳಗೆ ಹುಳಿ ವಾಸನೆ, ಉಗುರಿನ ನಾಲ್ಕು ಗುರುತು.
ಒರೆಸಿ, ಕರ್ಚೀಫು ಸುತ್ತಿ ಇಟ್ಟರೆ
ಅದನ್ನೇ ಬಿಗಿ ಹಿಡಿಯುತ್ತದೆ, ಟಿಕೇಟಿನ ಹಾಗೆ.

ಟೀಗೆ ಪುಡಿ ಕಲಸಿ ಗಂಜಿ ಮಾಡಿಟ್ಟಿದ್ದೇನೆ,
ತೆಳ್ಳಗಿದ್ದರೆ ಎದೆಗಿಳಿಯುತ್ತದೆ. ಜುಲೈ ಚಳಿಯಲ್ಲಿ ಇಳಿದು
ಹನ್ನೊಂದು ದಿನ ಆಸ್ಪತ್ರೆ.
ಮೀನಖಂಡ ಮುಟ್ಟಿ ನೋಡುತ್ತೇನೆ, ಊದಿಲ್ಲ, ಇವತ್ತಿಗೆ ಊದಿಲ್ಲ.

ಎರಡು ಗಂಟೆ. ಬಲ.
ಅಡಿಯ ಬಟ್ಟೆ ಎಳೆದು ಹೊರಳಿಸಿ
ಹಿಮ್ಮಡಿ ಎತ್ತಿ ದಿಂಬಿಗಿಡುವಾಗ
ಪಾದ ಇದ್ದಕ್ಕಿದ್ದಂತೆ ಕುಣಿಯುತ್ತದೆ, ಟಕ ಟಕ ಟಕ ಟಕ.
ನರದ ಸೆಳೆತ, ಅದಕ್ಕೆ ಅರ್ಥವಿಲ್ಲ, ದೆಸ್ಪಿನಾ ಹೇಳಿದ್ದಾಳೆ.
ಇರಬಹುದು.
ಇಪ್ಪತ್ತಾರು ವರ್ಷ ಸಿಡ್ನಿ ರೋಡಿನಲ್ಲಿ ಟ್ರಾಮು ಓಡಿಸಿದವರು,
ಹಳಿಯ ಮೇಲೆ ಯಾರಾದರೂ ನಿಂತರೆ
ಗಂಟೆ ಬಾರಿಸುತ್ತಿದ್ದುದು ಇದೇ ಪಾದ.

ನಾನು ಒಂದು ಹೆಜ್ಜೆ ಸರಿದು ನಿಲ್ಲುತ್ತೇನೆ.
ಆಮೇಲೆ ಹೋಗಿ ರುಜು ಹಾಕುತ್ತೇನೆ.