ಸ್ತಾಸಿಸ್ ಯಾವ ಮನೆ

ಕ್ಲೈಪೆಡಾದಲ್ಲಿ ಮಂಗಳವಾರ ಸಂಜೆ ಆರಕ್ಕೆ
ಮನುಷ್ಯರು ಹದಿನಾರೇ ಬಗೆ.
ಬಂದರಿನ ಗ್ರಂಥಾಲಯದ ಹಿಂದಿನ ಕೋಣೆ,
ಗೋಡೆಯ ಮೇಲೆ ರಿಮ್‌ಗೌದಾಸನ ಕೈಬರಹದ ಪಟ,
ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ,
ಅಂಚಿಗೆ ಕಾಫಿಯ ಕಲೆ.
ಒಳಮುಖಿ, ಹೊರಮುಖಿ, ತರ್ಕದವ, ಭಾವದವ,
ಎಲ್ಲರಿಗೂ ಒಂದೊಂದು ಮನೆ ಗೊತ್ತಾಗಿ ವರ್ಷಗಳಾದವು.

ನನ್ನದು ಮೂರನೆಯ ಸಾಲು.
ಮೊದಲು ಎರಡನೆಯದರಲ್ಲಿದ್ದೆ.
ಅಮ್ಮನ ಮಣ್ಣಿನಲ್ಲಿ ನಾನು ಅಳಲಿಲ್ಲವೆಂದು
ಏವ್ಗೇನಿಯಾ ನನ್ನನ್ನೆತ್ತಿ ಇಲ್ಲಿಟ್ಟಳು.
ಗಂಡನದು, ಪಟದ ಪ್ರಕಾರ, ನನಗೆ ತೀರಾ ಎದುರು:
ಎತ್ತು ಏರಿಗೆ, ಕೋಣ ನೀರಿಗೆ.
ಅದು ತಿಳಿದ ರಾತ್ರಿ ಎಂಥ ನಿದ್ದೆ ಬಂತು!
ತಪ್ಪು ನನ್ನದಲ್ಲ, ಅವನದೂ ಅಲ್ಲ,
ಸಾಲಿನದು.
ವಿಚ್ಛೇದನದ ಕಾಗದಕ್ಕೆ ಒಂದೇ ಪೆನ್ನಲ್ಲಿ ಸಹಿ ಹಾಕಿದೆವು.
ಅವನು ಮುಚ್ಚಳ ಹಾಕಿ, ನನ್ನ ಕೋಟಿಗೆ ಶಾಯಿ ತಾಗದಂತೆ
ತಿರುಗಿಸಿ ಕೊಟ್ಟ.
ಅದನ್ನು ಎಲ್ಲಿ ಬರೆಯುವುದೋ ತಿಳಿಯಲಿಲ್ಲ.

ಬಗೆಹರಿಯದವನು ಒಬ್ಬನೇ, ಸ್ತಾಸಿಸ್.
ಬಂದರಿನ ಕ್ರೇನ್ ನಡೆಸಿ ನಿವೃತ್ತನಾದವ.
ಇಲ್ಲಿನ ಹೀಟರು ಚೆನ್ನಾಗಿದೆ, ಅದಕ್ಕೇ ಬರುತ್ತೇನೆ ಎಂದಿದ್ದ.
'ನೋಡಿದಿರಾ, ಇಂದ್ರಿಯದವ!' ರಿಮ್‌ಗೌದಾಸ್ ಮೇಜು ಕುಟ್ಟಿದ.
'ನಿನ್ನ ತಲೆ! ಮೂವತ್ತು ವರ್ಷ ಆಕಾಶದಲ್ಲಿ ಒಂಟಿ ಕೂತವ,
ಒಳಮುಖಿಯಲ್ಲದೆ ಮತ್ತೇನು?'
'ಒಂಟಿಯೆಲ್ಲಿ? ದಿನವಿಡೀ ರೇಡಿಯೋದಲ್ಲಿ ಕೆಳಗಿನವರ ಜೊತೆ ಹರಟೆ!'
ಸ್ತಾಸಿಸ್ ಇಬ್ಬರಿಗೂ ತಲೆಯಾಡಿಸುತ್ತ
ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ, ಅಂಚಿನವರೆಗೂ.
ಅಂಚಿನವರೆಗೂ ಸವರುವವರದು ಯಾವ ಸಾಲು
ಎಂದು ಇಡೀ ಒಂದು ಚಳಿಗಾಲ ಜಗಳ.
ಪ್ರಶ್ನಾವಳಿ ಕೊಟ್ಟರೆ
ಎಪ್ಪತ್ತು ಪ್ರಶ್ನೆಗೂ ಒಂದೇ ಉತ್ತರ ಗೀಚಿದ:
ಗಾಳಿ ನೋಡಿಕೊಂಡು.

ಫೆಬ್ರವರಿಯಲ್ಲಿ ಅವನು ಬರಲಿಲ್ಲ.
ಮೊದಲ ಮಂಗಳವಾರ ಅದೂ ಒಂದು ಸಾಕ್ಷಿಯಾಯಿತು:
ಹೇಳದೆ ಕೇಳದೆ ತಪ್ಪಿಸುವುದು ಭಾವದವರ ಲಕ್ಷಣವಲ್ಲ.
ಎರಡನೆಯ ಮಂಗಳವಾರ, ಅದೇ ಲಕ್ಷಣ ಎಂದಾಯಿತು.
ಮೂರನೆಯ ವಾರ ಬ್ರೆಡ್ಡು ಹಾಗೇ ಒಣಗಿತು.
'ಅವರ ಮನೆ ಯಾವುದು?' ಗ್ರಂಥಪಾಲಕಿ ಬಾಗಿಲಲ್ಲಿ ನಿಂತು ಕೇಳಿದಳು.
ಒಂಬತ್ತು ಮಂದಿಯೂ ಪಟದ ಕಡೆ ತಿರುಗಿದೆವು.
'ಅದಲ್ಲ,' ಎಂದಳು,
'ಬೀಗ ಹಾಕುವಂಥದ್ದು.'

ಪಿಂಚಣಿ ಕಚೇರಿಯಲ್ಲಿ ಗೋಗರೆದು ವಿಳಾಸ ತಂದೆ.
ಐದನೆಯ ಮಹಡಿ, ಲಿಫ್ಟಿಲ್ಲ.
ಹಿಮದಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರು, ಕುರ್ಚಿ ಬಿಟ್ಟೇಳುವಂತಿಲ್ಲ.
ಚಹಾಕ್ಕೆ ನೀರಿಟ್ಟೆ. ಸಕ್ಕರೆ ಡಬ್ಬಿಯ ಪಕ್ಕದಲ್ಲಿ
ಕ್ರೇನಿನ ಪಾಳಿ ಬರೆದಿಡುವ ಉದ್ದನೆಯ ನೋಟುಬುಕ್ಕು.
ತೆರೆದೆ. ಅವನು ಬೇಡವೆನ್ನಲಿಲ್ಲ.

ರಿಮ್‌ಗೌದಾಸ್: ಸೋಲುವಾಗ ಎಡಗಾಲ ಲೇಸು ಬಿಚ್ಚಿ ಕಟ್ಟುತ್ತಾನೆ.
ಏವ್ಗೇನಿಯಾ: ತಂಗಿಯ ಕಾಗದ ಬಂದ ವಾರ ಸಕ್ಕರೆ ಮೂರು ಚಮಚ.
ಬಾರದ ವಾರ ಚಹಾ ಮುಟ್ಟುವುದಿಲ್ಲ.
ವಿಟಾಲಿಯುಸ್: ಅದೇ ಕೆಮ್ಮು. ಡಾಕ್ಟರಿಗೆ ತೋರಿಸು ಅನ್ನಬೇಕು.

ಅಷ್ಟೇ. ಪ್ರತಿ ಪುಟಕ್ಕೂ ತಾರೀಖು, ಗಾಳಿಯ ದಿಕ್ಕು.
ನನ್ನ ಪುಟ ಹುಡುಕುವಾಗ ಬೆರಳು ನಡುಗಿದ್ದು ಸುಳ್ಳಲ್ಲ.

ಯುರ್ಗಾ: ಕೊನೆಯ ಬಸ್ಸು ತಪ್ಪುತ್ತದೆಂದು ಎಲ್ಲರಿಗಿಂತ ಮೊದಲು ಏಳುತ್ತಾಳೆ.
ಮನೆ ಎದುರು ಬೀದಿಯಲ್ಲೇ ಇದೆ.

ಕೆಳಗೆ ಬೇರೆ ಶಾಯಿಯಲ್ಲಿ ಏನೋ ಬರೆದು
ಒಡೆದುಹಾಕಿದ್ದ.

ಕೆಟಲು ಕೂಗಿತು.
'ಎಷ್ಟು ಚಮಚ?' ಎಂದೆ, ಅವನತ್ತ ನೋಡದೆ.
'ಗಾಳಿ ನೋಡಿಕೊಂಡು.'
ಕಿಟಕಿಯ ಚಿಲಕ ಹಿಮಕ್ಕೆ ಬಿಗಿದಿತ್ತು.
ಗುದ್ದಿ ತೆರೆದು
ಕೈ ಹೊರಗೆ ಚಾಚಿದೆ.