ಹೋಪ್‌ಫುಲಿ

ಹೇನ್ಸ್ ಊರಿನ ಅಂಚೆಕಚೇರಿ ಬಾಗಿಲಿಗೆ
ಡ್ವೇನ್ ಅಂಟಿಸಿದ ಚೀಟಿ:
‘ಹೋಪ್‌ಫುಲಿ, ಕರಡಿ ಇನ್ನು ಬರಲಾರದು.’

ವರ್ನಾ ಟೀಚರ್ ನಿವೃತ್ತಿಯಾಗಿ ಹನ್ನೊಂದು ವರ್ಷ,
ಪೆನ್ಸಿಲು ಇನ್ನೂ ಕಿವಿಯ ಮೇಲೆ.
ಅಡಿಗೆರೆ ಎಳೆದಳು: ‘ಯಾರ ಆಸೆಯೋ ಇದು?
ನೀನು ಬರೆದಂತೆ, ಆಸೆಗಣ್ಣು ಕರಡಿಯದು.’

‘ಎಲ್ಲರೂ ಹೀಗೇ ಅನ್ನುತ್ತಾರಲ್ಲ ತಾಯಿ,’
ಸಾಲ್ಮನ್ ಸೀಳಿದ ಕೈ ಪ್ಯಾಂಟಿಗೊರೆಸಿದ ಡ್ವೇನ್.
‘ಎಲ್ಲರೂ ಕಸದ ಡಬ್ಬಿಯನ್ನೂ ತೆರೆದೇ ಇಡುತ್ತಾರೆ.’

ರಾತ್ರಿ ಎರಡಕ್ಕೆ
ಅವಳದೇ ಮೀನು ಹೊಗೆಹಾಕುವ ಶೆಡ್ಡಿನ ಬಾಗಿಲು
ಹಪ್ಪಳದಂತೆ ಮುರಿಯಿತು.
ಬೆಳುದಿಂಗಳಿಗೆ ಎತ್ತಿದ ಒದ್ದೆ ಮೂಗು, ಜೊಲ್ಲು,
ಒಂದೊಂದೇ ಕೊಕ್ಕೆಯನ್ನು ಮೂಸುವ ತಾಳ್ಮೆ:
ವ್ಯಾಕರಣದಲ್ಲಿ ತಪ್ಪಿರಲಿಲ್ಲ.

ಬಡಿಯಲೆಂದು ಹಿಡಿದ ಬಾಣಲೆ ಎದೆಗವಚಿ
ಅಡುಗೆಮನೆ ನೆಲದಲ್ಲಿ ಕುಸಿದು
ಅವಳೂ ಅಂದಳು, ಬರೀ ತುಟಿಯಲ್ಲಿ:
ಹೋಪ್‌ಫುಲಿ,
ಹೋದೀತು.