ಕ್ರಿಯಾಪದ ಬರುವವರೆಗೆ

ಚೌರಪ್ಪನವರು ಜರ್ಮನ್ ಕಲಿತದ್ದು ಸಾಹಿತ್ಯಕ್ಕಲ್ಲ,
ಆಡುಗೋಡಿಯ ಕಾರ್ಖಾನೆಯಲ್ಲಿ
ಡೀಸೆಲ್ ಪಂಪಿನ ಮೈಕ್ರಾನು ಲೆಕ್ಕಕ್ಕೆ.
ಎರಡನೇ ಪಾಳಿ, ಎಣ್ಣೆ ಬೆರಳಿನ ಗುರುತಿದ್ದ ಕೈಪಿಡಿ.
ಬಿಗಿ ಮಾಡು, ಸಡಿಲಿಸು, ಮುಟ್ಟಬೇಡ:
ಮೊದಲು ಬಂದ ಮೂರು ಮಾತು ಅವೇ ಅಂತೆ.
'ಸಂಸಾರಕ್ಕೂ ಅಷ್ಟೇ ಸಾಕಾಯ್ತು' ಅಂತ ನಗುತ್ತಾರೆ.

ಊರಿಗೆ ಮರಳಿದ ಯಾವನೋ ಇಂಜಿನಿಯರು
ಗೆಸ್ಟ್‌ಹೌಸಿನ ಕಪಾಟಿನಲ್ಲಿ ಬಿಟ್ಟುಹೋದ ದಪ್ಪ ಪುಸ್ತಕ
ರದ್ದಿಗೆ ಹೊರಟಿತ್ತು. ತಡೆದು ತಂದರು.
ಇಪ್ಪತ್ತೊಂದು ವರ್ಷ. ಹದಿನಾಲ್ಕು ನೋಟ್‌ಬುಕ್ಕು.
ಈಗ ವಾರಕ್ಕೆ ಮೂರು ದಿನ
ಚಾಮರಾಜಪೇಟೆಯ ನಮ್ಮ ಡಿಟಿಪಿ ಅಂಗಡಿಯ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು
ಅವರು ಓದುತ್ತಾರೆ, ನಾನು ಕುಟ್ಟುತ್ತೇನೆ.

ಬರೆದವನನ್ನು ಹೆಸರು ಹಿಡಿದು ಕರೆಯುವುದಿಲ್ಲ.
'ನಮ್ಮ ಮುದುಕ' ಅನ್ನುತ್ತಾರೆ, ಪಕ್ಕದ ಬೀದಿಯವನೆಂಬಂತೆ.
ಮುದುಕ ಹೊಳೆ ಬಂದರಿನಲ್ಲಿ ಉಪ್ಪಿನ ಸುಂಕದ ಗುಮಾಸ್ತ,
ಹಳೆ ರಸೀದಿಗಳ ಬೆನ್ನ ಮೇಲೆ ಕಾದಂಬರಿ.
ಇಬ್ಬರು ಮಕ್ಕಳನ್ನು ಒಂದೇ ಚಳಿಗಾಲದಲ್ಲಿ ಮಣ್ಣು ಮಾಡಿ ಬಂದ
ಮರುದಿನದ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲವಂತೆ.
'ಅದನ್ನ ಅವನ ದೇಶ ಹೊಗಳಿತು, ನನಗೆ ಹೆದರಿಕೆ ಆಯ್ತು.
ಆಮೇಲೆ ನೋಡಮ್ಮ, ಇಡೀ ಪುಸ್ತಕದಲ್ಲಿ ಒಂದು ಮಗುವಿಲ್ಲ.
ಬರೀ ಪುಟ್ಟ ಪುಟ್ಟ ಬೂಟು,
ಯಾರ್ಯಾರದೋ ಬಾಗಿಲ ಹೊರಗೆ.'

ಹಿಮ ಅವರಿಗೆ ಸುಲಭಕ್ಕೆ ಸಿಗಲಿಲ್ಲ.
ಮಂಜು ಅಂದರೆ ಜನವರಿಯ ಹಲಸೂರು ಕೆರೆ, ಕೈಗೆ ಬರುವುದಿಲ್ಲ.
ಹಿಮ ಅಂದರೆ ಕೈಲಾಸ, ಕ್ಯಾಲೆಂಡರು.
ಕೊನೆಗೆ ರಸೆಲ್ ಮಾರ್ಕೆಟ್ಟಿನ ಮೀನು ಪೆಟ್ಟಿಗೆಯ
ಪುಡಿ ಐಸಿನಲ್ಲಿ ಮೊಣಕೈವರೆಗೆ ತೋಳು ಹೂತು ನಿಂತು,
ಮೀನಿನವನಿಂದ ಬೈಸಿಕೊಂಡು,
ನೂರೆಂಟನೇ ಪುಟ ಮುಗಿಸಿದರು.
ಅದನ್ನು ಟೈಪು ಮಾಡುವಾಗ ಸಣ್ಣಗೆ ಬಂಗಡೆಯ ವಾಸನೆ.

'ಊರು ನೆನಪಾಗಿ ನೋಯುವುದಕ್ಕೆ ಅಲ್ಲಿ ಒಂದೇ ಪದ.
ತವರುನೋವು ಅನ್ನಲಾ?
ಗಂಡಸಿಗೆ ತವರಿರುತ್ತದೇನಮ್ಮ?'
ಪರದೆಯಿಂದ ಕಣ್ಣೆತ್ತದೆ ಅಂದೆ:
'ಹಾಕಿ ಸಾರ್. ಇರುವವರಿಗೆ ಎಲ್ಲಿ ನೋಯುತ್ತೆ.'

ಒಂದರಲ್ಲಿ ಮಾತ್ರ ಮುದುಕನೂ ನಾವೂ ಒಂದೇ ಮನೆಯವರು.
ವಾಕ್ಯ ಎಷ್ಟೇ ಬಳಸಿ ಬರಲಿ, ಕ್ರಿಯಾಪದ ಕಡೆಗೆ.
'ಯಾವಾಗಲೂ ಅಲ್ಲ' ಎಂದು ತಿದ್ದಿದರು,
'ಮಾತಿನೊಳಗೆ ಮಾತು ಹೊಕ್ಕಾಗ.'
ಮಾರ್ಕೆಟ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ:
ಬೋರ್ಡು ಕಾಣುವವರೆಗೆ
ಈ ಬಸ್ಸು ಯಾರದೆಂದು ಗೊತ್ತಿಲ್ಲ.

ಕೊನೆಯ ರಸೀದಿಯ ಬೆನ್ನಲ್ಲಿ ಮುದುಕನ ಕೈ ನಿಂತಿತ್ತು.
'ಹೊಳೆಯ ಆಚೆ ದಡದಿಂದ, ಕತ್ತಲಾದ ಮೇಲೆ, ಲಾಂದ್ರ ಹಿಡಿದು'
ಅಷ್ಟೇ.
ಪ್ರಕಾಶಕರು ಫೋನಿನಲ್ಲಿ: ಒಂದು 'ಬಂದನು' ಹಾಕಿ ಮುಗಿಸಿ,
ಓದುವವರಿಗೆ ಗೊಂದಲ.
ಚೌರಪ್ಪನವರು ಫೋನಿಗಲ್ಲ, ನನಗೆ ಹೇಳಿದರು:
'ಬಂದನೋ, ಬಂದಳೋ, ಬಂತೋ, ಬರಲೇ ಇಲ್ಲವೋ.
ನಮ್ಮ ಕ್ರಿಯಾಪದಕ್ಕೆ ಬಾಲ ಬೇರೆ.
ನಾನು ಯಾರನ್ನ ಅಂತ ದಾಟಿಸಲಿ?'

ಅವತ್ತೇ ಸಂಜೆ ಕರೆಂಟು ಹೋಯಿತು.
ಕಾಮಾಕ್ಷಿಪಾಳ್ಯದ ಮೂರನೇ ಮಹಡಿಗೆ
ಮೊಬೈಲಿನ ಬೆಳಕಲ್ಲಿ ಮೆಟ್ಟಿಲು ಹತ್ತುತ್ತಿದ್ದೆ.
ಮೇಲೆ ಅಮ್ಮ ಪಕ್ಕದ ಮನೆಯವರಿಗೆ ಅಂದಳು:
'ಹುಡುಗಿ ಬಂತು.'

ಇದನ್ನು ಅವರಿಗೆ ಹೇಳಲಿಲ್ಲ.
ಹೇಳಿದ್ದರೆ ಹಾಕಿಬಿಡುತ್ತಿದ್ದರೇನೋ.
ಮಗುವಿಗೂ ಅದೇ ಬಾಲ.

ಪುಸ್ತಕ ಅಚ್ಚಾಗಿದೆ, ಮುಖಪುಟದ ನೀಲಿ ಸ್ವಲ್ಪ ಕಪ್ಪಾಯಿತು.
ಮುನ್ನೂರ ಎಪ್ಪತ್ತನೇ ಪುಟದಲ್ಲಿ
ಈಗಲೂ, ಹೊಳೆಯ ಆಚೆ ದಡದಿಂದ,
ಕತ್ತಲಾದ ಮೇಲೆ, ಲಾಂದ್ರ ಹಿಡಿದು